ವೆಸ್ಟರ್ಲಿ ಸೆಂಟಾರ್

ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿಯ ವೆಸ್ಟರ್ಲಿ ಮರೀನ್ ಕನ್‌ಸ್ಟ್ರಕ್ಷನ್ ಕಂಪನಿ 1969ರಿಂದ 1980ರವರೆಗೆ ತಯಾರಿಸಿದ ಚಿಕ್ಕ ಹಾಯಿದೋಣಿ. ಉದ್ದ 26 ಅಡಿ, ಮೈ ಪೂರ್ತಿ ಫೈಬರ್‌ಗ್ಲಾಸ್. ಒಂದು ಸಂಸಾರ ಶನಿವಾರ ಭಾನುವಾರಗಳನ್ನೋ ಬೇಸಿಗೆಯ ಎರಡು ವಾರಗಳನ್ನೋ ಅದರಲ್ಲೇ ಬೇಯಿಸಿ ಉಂಡು, ಅದರಲ್ಲೇ ಮಲಗಿ, ಬಂದರಿನಿಂದ ಬಂದರಿಗೆ ಸಾಗುತ್ತ ಕಳೆಯಲಿ ಎಂದು ರೂಪಿಸಿದ್ದು. ಹನ್ನೊಂದು ವರ್ಷಗಳಲ್ಲಿ 2,400ಕ್ಕೂ ಮಿಕ್ಕಿ ಸೆಂಟಾರ್‌ಗಳು ಅಚ್ಚಿನಿಂದ ಹೊರಬಂದವು. ಅವುಗಳಲ್ಲಿ ಬಹಳಷ್ಟು ಇನ್ನೂ ನೀರಿನಲ್ಲಿವೆ.

ದೋಣಿಯನ್ನು ದೂರದಿಂದ ನೋಡಿದವರು ಅದನ್ನು ಚೆಲುವೆ ಎನ್ನುವುದಿಲ್ಲ. ಪಕ್ಕಗಳು ಎತ್ತರ, ಹೊಟ್ಟೆ ಅಗಲ, ಮೇಲಿನ ಕೋಣೆಯ ಮಾಡು ಮೆಟ್ಟಿಲಿನಂತೆ ಎದ್ದು ನಿಂತಿದೆ. ಪಂದ್ಯ ಗೆದ್ದ ಹೆಸರೂ ಇದಕ್ಕಿಲ್ಲ. ಆದರೂ ಸಣ್ಣ ಹಾಯಿದೋಣಿಗಳ ಇತಿಹಾಸದಲ್ಲಿ ಇದಕ್ಕೊಂದು ಗಟ್ಟಿ ಜಾಗವಿದೆ. ವಿನ್ಯಾಸಕಾರರು ಸಾಮಾನ್ಯವಾಗಿ ದೋಣಿ ಎಷ್ಟು ಬೇಗ ಓಡೀತು ಎಂಬಲ್ಲಿಂದ ಶುರುಮಾಡುತ್ತಾರೆ. ಸೆಂಟಾರ್‌ನ ವಿನ್ಯಾಸ ಶುರುವಾದದ್ದು ಓಡದೆ ಇರುವಾಗ ಅದು ಎಲ್ಲಿ, ಹೇಗೆ ನಿಲ್ಲಬೇಕು ಎಂಬ ಪ್ರಶ್ನೆಯಿಂದ. ವರ್ಷದ ಮುನ್ನೂರು ದಿನ ಸಂಸಾರದ ದೋಣಿ ನಿಂತೇ ಇರುತ್ತದೆ ಎಂಬುದನ್ನು ನೆನೆದರೆ ಆ ಪ್ರಶ್ನೆಯ ತೂಕ ಗೊತ್ತಾಗುತ್ತದೆ. ಉತ್ತರವಾಗಿ ಬಂದದ್ದು ದೋಣಿಯ ಅಡಿಯಲ್ಲಿ ಒಂದರ ಬದಲು ಎರಡು ಕೀಲ್.

ಇಳಿದು ಹೋಗುವ ಕಡಲು

ಹಾಯಿದೋಣಿಯ ಅಡಿಯಿಂದ ನೀರೊಳಗೆ ಇಳಿದಿರುವ ರೆಕ್ಕೆಯಂಥ ಭಾಗವೇ ಕೀಲ್. ಅದಕ್ಕೆ ಎರಡು ಕೆಲಸ. ಗಾಳಿ ಹಾಯಿಯನ್ನು ಪಕ್ಕಕ್ಕೆ ನೂಕಿದಾಗ ದೋಣಿ ಏಡಿಯಂತೆ ಅಡ್ಡಡ್ಡ ಸರಿಯದ ಹಾಗೆ ನೀರಿಗೆ ಎದೆ ಕೊಡುವುದು ಒಂದು. ಕಬ್ಬಿಣದ ಅಥವಾ ಸೀಸದ ಭಾರವನ್ನು ಹೊತ್ತು, ವಾಲಿದ ದೋಣಿಯನ್ನು ಮತ್ತೆ ನೆಟ್ಟಗೆ ಎಳೆಯುವುದು ಇನ್ನೊಂದು. ಎರಡು ಕೆಲಸಕ್ಕೂ ಕೀಲ್ ಆಳವಾದಷ್ಟು ಒಳ್ಳೆಯದು. ತೊಡಕು ಎದುರಾಗುವುದು ದೋಣಿ ದಡಕ್ಕೆ ಬಂದಾಗ.

ಕರ್ನಾಟಕದ ಕರಾವಳಿಯಲ್ಲಿ ದೊಡ್ಡ ಉಬ್ಬರದ ದಿನವೂ ನೀರಿನ ಏರಿಳಿತ ಎರಡು ಮೀಟರ್ ಆಸುಪಾಸಿನದು. ಇಂಗ್ಲೆಂಡಿನ ದಕ್ಷಿಣದಲ್ಲಿ, ವೈಟ್ ದ್ವೀಪಕ್ಕೂ ನೆಲಕ್ಕೂ ನಡುವಿನ ಸೋಲೆಂಟ್ ಜಲಸಂಧಿಯಲ್ಲಿ ಅದು ನಾಲ್ಕು ಮೀಟರ್ ಸಮೀಪಿಸುತ್ತದೆ. ಪಶ್ಚಿಮದ ಬ್ರಿಸ್ಟಲ್ ಚಾನಲ್‌ನಲ್ಲಿ 12 ಮೀಟರ್ ದಾಟುತ್ತದೆ, ಅಂದರೆ ನಾಲ್ಕು ಅಂತಸ್ತಿನ ಮನೆಯಷ್ಟು ನೀರು ದಿನಕ್ಕೆರಡು ಬಾರಿ ಬಂದು ಹೋಗುತ್ತದೆ. ಪೂರ್ವದ ಎಸೆಕ್ಸ್ ತೀರದ ಅಳಿವೆಗಳಲ್ಲಿ, ಚಿಚೆಸ್ಟರ್ ಮತ್ತು ಪೂಲ್ ಬಂದರುಗಳ ಒಳಮೂಲೆಗಳಲ್ಲಿ, ಬೆಳಿಗ್ಗೆ ದೋಣಿ ತೇಲುತ್ತಿದ್ದ ಕಡೆ ಮಧ್ಯಾಹ್ನ ಬರೀ ಕೆಸರು ಹೊಳೆಯುತ್ತಿರುತ್ತದೆ, ಉದ್ದ ಕೊಕ್ಕಿನ ಹಕ್ಕಿಗಳು ಅದರಲ್ಲಿ ಹುಳು ಹೆಕ್ಕುತ್ತಿರುತ್ತವೆ.

ಇಂಥ ಕಡಲಂಚಿನಲ್ಲಿ ಇಳಿತದಲ್ಲೂ ನೀರು ಉಳಿಯುವ ತಂಗುದಾಣಗಳು ಕಡಿಮೆ, ಅವಕ್ಕೆ ಬಾಡಿಗೆ ಹೆಚ್ಚು, ಸಿಗಬೇಕಾದರೆ ವರ್ಷಗಟ್ಟಲೆ ಕಾಯಬೇಕು. ನೀರು ಬತ್ತುವ ಕೆಸರಿನ ತಂಗುದಾಣಗಳಾದರೆ ಅಗ್ಗ, ಊರಿಗೂ ಹತ್ತಿರ. ಒಂದೇ ಆಳವಾದ ಕೀಲ್ ಇರುವ ದೋಣಿಯನ್ನು ಅಲ್ಲಿ ಬಿಟ್ಟರೆ ಇಳಿತದಲ್ಲಿ ಅದು ಮಗ್ಗುಲಾಗಿ ಬೀಳುತ್ತದೆ. ಒಳಗಿನ ಪಾತ್ರೆ ಪಡಗ, ಹಾಸಿಗೆ, ಡೀಸೆಲ್, ಎಲ್ಲ ಒಂದು ಕಡೆಗೆ. ಉಬ್ಬರ ಬಂದಾಗ ದೋಣಿ ಏಳುವ ಮೊದಲೇ ನೀರು ಒಳನುಗ್ಗುವ ಅಪಾಯವೂ ಉಂಟು. ಎರಡು ಕೀಲ್ ಇದ್ದರೆ ದೋಣಿ ಕಾಲೂರಿ ನೆಟ್ಟಗೆ ನಿಲ್ಲುತ್ತದೆ.

ಸೆಂಟಾರ್‌ನಲ್ಲಿ ಇಳಿತಕ್ಕೆ ಸಿಕ್ಕ ಸಂಜೆ ಹೀಗಿರುತ್ತದೆ. ಮೊದಲಿಗೆ ಅಡಿಯಲ್ಲಿ ಎಲ್ಲೋ ಒಂದು ಮೆತ್ತನೆಯ ತಟ್ಟು. ಅಲೆ ಎತ್ತಿ ಮತ್ತೆ ಇಳಿಸುತ್ತದೆ, ಇನ್ನೊಂದು ತಟ್ಟು, ಈ ಸಲ ಎರಡೂ ಕಾಲಿಗೆ. ಐದು ಹತ್ತು ನಿಮಿಷ ದೋಣಿ ಕೂರಲೋ ಬೇಡವೋ ಎಂಬಂತೆ ತಡವರಿಸುತ್ತದೆ. ಆಮೇಲೆ ಅಲುಗಾಟ ನಿಂತುಬಿಡುತ್ತದೆ. ಒಲೆಯ ಮೇಲಿನ ಕೆಟಲಿನಲ್ಲಿ ನೀರಿನ ಮಟ್ಟ ಸಮವಾಗಿದೆ, ಮೇಜಿನ ಮೇಲಿಟ್ಟ ಪೆನ್ಸಿಲ್ ಉರುಳುವುದಿಲ್ಲ. ಮಕ್ಕಳು ಬೂಟು ಹಾಕಿಕೊಂಡು ಏಣಿಯಿಂದ ಮರಳಿಗೆ ಇಳಿದು ದೋಣಿಯ ಸುತ್ತ ನಡೆದು ಬರುತ್ತಾರೆ, ಬೆಳಿಗ್ಗೆ ತಾವು ತೇಲುತ್ತ ಬಂದ ಕಡಲಿನ ತಳದಲ್ಲಿ.

ಈ ಉಪಾಯ ಸೆಂಟಾರ್‌ನಿಂದ ಆರಂಭವಾದದ್ದಲ್ಲ. ಶೆಫೀಲ್ಡಿನ ಉಕ್ಕು ಉದ್ಯಮದ ಮನೆತನಕ್ಕೆ ಸೇರಿದ, ಮುಂದೆ ಲಾರ್ಡ್ ರಿವರ್‌ಡೇಲ್ ಎಂದು ಹೆಸರಾದ ರಾಬರ್ಟ್ ಬಾಲ್ಫರ್ 1924ರಲ್ಲೇ ಬ್ಲೂಬರ್ಡ್ ಎಂಬ ದೋಣಿಗೆ ಎರಡು ಕೀಲ್ ಕೊಟ್ಟು, ದಶಕಗಳ ಕಾಲ ಆ ಪ್ರಯೋಗವನ್ನು ಮುಂದುವರಿಸಿದರು. 1926ರಿಂದ 1967ರವರೆಗೆ ಯಾಚಿಂಗ್ ಮಂತ್ಲಿ ಪತ್ರಿಕೆಯ ಸಂಪಾದಕರಾಗಿದ್ದ ಮಾರಿಸ್ ಗ್ರಿಫಿತ್ಸ್ ಆಳವಿಲ್ಲದ ನೀರಿನ ಸಣ್ಣ ದೋಣಿಗಳ ಪರವಾಗಿ ಜೀವಮಾನವಿಡೀ ಬರೆದರು. ಮನೆಯಂಗಳದಲ್ಲೇ ಪ್ಲೈವುಡ್ಡಿನಿಂದ ಕಟ್ಟಿಕೊಳ್ಳಬಹುದಾದ ಅವರ ಈವೆಂಟೈಡ್ ದೋಣಿಯನ್ನು ನೂರಾರು ಹವ್ಯಾಸಿಗಳು ಕಟ್ಟಿಕೊಂಡರು. ಶ್ರೀಮಂತರ ಆಟವಾಗಿದ್ದ ಹಾಯಿ ಸಂಚಾರ ಮೇಷ್ಟರು, ಗುಮಾಸ್ತರು, ಅಂಗಡಿಕಾರರ ಕೈಗೆ ಬಂದದ್ದರಲ್ಲಿ ಗ್ರಿಫಿತ್ಸರ ಪಾಲು ದೊಡ್ಡದು ಎಂದೇ ಹೇಳಬೇಕು. ಸೆಂಟಾರ್ ಕೊಳ್ಳಲು ಮುಂದೆ ಸಾಲುಗಟ್ಟಿದವರು ಆ ಓದುಗರೇ ಮತ್ತು ಅವರ ಮಕ್ಕಳೇ.

ಯುದ್ಧನೌಕೆಯಿಂದ ಸಂಸಾರದ ದೋಣಿಗೆ

ವೆಸ್ಟರ್ಲಿ ಕಂಪನಿಯ ಸ್ಥಾಪಕ ಡೆನಿಸ್ ರೇನರ್ (1908-1967) ವೃತ್ತಿಯಿಂದ ದೋಣಿ ಕಟ್ಟುವವರಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಸ್ವಯಂಸೇವಕ ಮೀಸಲು ಪಡೆಯ ಅಧಿಕಾರಿಯಾಗಿ ಅಟ್ಲಾಂಟಿಕ್ ಸಾಗರದಲ್ಲಿ ಸರಕು ಹಡಗುಗಳಿಗೆ ಬೆಂಗಾವಲಾಗಿ ವರ್ಷಗಟ್ಟಲೆ ದುಡಿದವರು. ಅವರ ನೇತೃತ್ವದಲ್ಲಿದ್ದ ವಾರ್ವಿಕ್ ಎಂಬ ಯುದ್ಧನೌಕೆ 1944ರ ಫೆಬ್ರವರಿಯಲ್ಲಿ ಕಾರ್ನ್‌ವಾಲ್ ತೀರದಾಚೆ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೋಗೆ ಸಿಕ್ಕಿ ಮುಳುಗಿತು, ರೇನರ್ ಬದುಕುಳಿದರು. ಆ ದಿನಗಳ ನೆನಪಿನಿಂದ ಬರೆದ ಎಸ್ಕಾರ್ಟ್ ಎಂಬ ಆತ್ಮಕಥನ, ದಿ ಎನಿಮಿ ಬಿಲೋ ಎಂಬ ಕಾದಂಬರಿ ಎರಡೂ 1950ರ ದಶಕದಲ್ಲಿ ಹೊರಬಂದವು. ಕಾದಂಬರಿ 1957ರಲ್ಲಿ ಹಾಲಿವುಡ್ ಚಿತ್ರವೂ ಆಯಿತು.

ಹೆಬ್ಬಲೆಗಳನ್ನು ಕಂಡ ಈ ಮನುಷ್ಯನಿಗೆ ಸಣ್ಣ ದೋಣಿಗಳ ಹುಚ್ಚು ಹುಡುಗತನದಿಂದಲೂ ಇತ್ತು. ಯುದ್ಧದ ನಂತರ ತಮಗಾಗಿ ಪ್ಲೈವುಡ್ಡಿನ ಪುಟ್ಟ ದೋಣಿಗಳನ್ನು ರೂಪಿಸಿಕೊಳ್ಳುತ್ತ ಬಂದು, 1963ರಲ್ಲಿ ಫೈಬರ್‌ಗ್ಲಾಸಿನ ವೆಸ್ಟರ್ಲಿ 22 ಎಂಬ ದೋಣಿಯೊಡನೆ ಕಂಪನಿ ಆರಂಭಿಸಿದರು. ಕಾರ್ಖಾನೆ ಇದ್ದದ್ದು ಪೋರ್ಟ್ಸ್‌ಮತ್‌ನ ಉತ್ತರಕ್ಕೆ, ಕಡಲಿನಿಂದ ಸ್ವಲ್ಪ ಒಳಗಿರುವ ವಾಟರ್‌ಲೂವಿಲ್ ಎಂಬಲ್ಲಿ. ಮಧ್ಯಮ ವರ್ಗದ ಮನೆಯೊಂದು ಕೊಳ್ಳಬಹುದಾದ ಬೆಲೆ, ನಾಲ್ವರಿಗೆ ಮಲಗಲು ಜಾಗ, ಆಳವಿಲ್ಲದ ನೀರಿನಲ್ಲೂ ನುಸುಳುವ ತಳ, ಇಳಿತದಲ್ಲಿ ಕಾಲೂರುವ ಜೋಡಿ ಕೀಲ್: ರೇನರ್ ಹಾಕಿಕೊಟ್ಟ ಈ ಚೌಕಟ್ಟನ್ನು ಕಂಪನಿ ಮುಂದೆಯೂ ಬಿಡಲಿಲ್ಲ. 1967ರ ಆರಂಭದಲ್ಲಿ ಅವರು ತೀರಿಕೊಂಡಾಗ ಸೆಂಟಾರ್ ಇನ್ನೂ ಕಾಗದದ ಮೇಲೂ ಬಂದಿರಲಿಲ್ಲ.

ರೇನರ್ ನಂತರ ಕಂಪನಿ ವಿನ್ಯಾಸದ ಹೊಣೆಯನ್ನು ಲಿಮಿಂಗ್ಟನ್ ಊರಿನ ಲಾರೆಂಟ್ ಜೈಲ್ಸ್ ಸಂಸ್ಥೆಗೆ ಒಪ್ಪಿಸಿತು. ಜಾಕ್ ಲಾರೆಂಟ್ ಜೈಲ್ಸ್ (1901-1969) ಇಂಗ್ಲಿಷ್ ದೋಣಿ ವಿನ್ಯಾಸದ ದೊಡ್ಡ ಹೆಸರು. 1936ರಲ್ಲಿ ಆರಂಭವಾದ ಅವರ 25 ಅಡಿಯ ವರ್ಚು ಮಾದರಿಯ ದೋಣಿಗಳು ಮಹಾಸಾಗರಗಳನ್ನು ದಾಟಿದವು. ಅವರೇ ರೂಪಿಸಿದ 20 ಅಡಿಯ ಟ್ರೆಕ್ಕಾದಲ್ಲಿ ಜಾನ್ ಗಜ್‌ವೆಲ್ 1950ರ ದಶಕದಲ್ಲಿ ಒಬ್ಬಂಟಿಯಾಗಿ ಜಗತ್ತು ಸುತ್ತಿದರು. ಜೈಲ್ಸ್ ತೀರಿಕೊಂಡ ವರ್ಷವೇ ಸೆಂಟಾರ್ ಮಾರುಕಟ್ಟೆಗೆ ಬಂತು. ಸಾಗರಗಾಮಿ ದೋಣಿಗಳ ಸಂಸ್ಥೆಯೊಂದು ಕೆಸರಿನಲ್ಲಿ ನಿಲ್ಲುವ ದೋಣಿಗೆ ಕೈಹಾಕಿದ್ದರಿಂದಲೇ ಅದು ಬರಿಯ ತೇಲುವ ಕೋಣೆಯಾಗದೆ ಹಾಯಿದೋಣಿಯಾಗಿ ಉಳಿಯಿತು ಎಂಬುದು ಈ ಲೇಖಕನ ಅಭಿಪ್ರಾಯ.

ನಾರು, ರಾಳ, ಅಚ್ಚು

ಮರದ ದೋಣಿಯನ್ನು ಒಂದೊಂದಾಗಿ ಕಟ್ಟಬೇಕು. ಹಲಗೆ ಹಲಗೆಗೂ ಬಡಗಿಯ ಕೈ ತಾಗಬೇಕು. ಫೈಬರ್‌ಗ್ಲಾಸ್ ಬಂದ ಮೇಲೆ ದೋಣಿಯನ್ನು ಅಚ್ಚು ಹೊಯ್ಯುವುದು ಸಾಧ್ಯವಾಯಿತು. ಅಮೆರಿಕದ ಓಹಾಯೊ ರಾಜ್ಯದ ರೇ ಗ್ರೀನ್ 1942ರಲ್ಲೇ ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರಾಳದಿಂದ ಸಣ್ಣ ದೋಣಿ ಮಾಡಿದ್ದರು. ಸಂಸಾರದ ಹಾಯಿದೋಣಿಗೆ ಈ ವಿದ್ಯೆ ನಿಜವಾಗಿ ಒದಗಿ ಬಂದದ್ದು 1959ರಲ್ಲಿ. ಆ ವರ್ಷ ನ್ಯೂಯಾರ್ಕಿನ ದೋಣಿ ಪ್ರದರ್ಶನಕ್ಕೆ ರೋಡ್ ಐಲೆಂಡಿನ ಪಿಯರ್ಸನ್ ದಾಯಾದಿಗಳು ಕಾರ್ಲ್ ಆಲ್ಬರ್ಗ್ ರೂಪಿಸಿದ 28 ಅಡಿಯ ಟ್ರೈಟನ್ ತಂದರು. ಅಲ್ಲಿಂದ ಹತ್ತು ವರ್ಷಗಳಲ್ಲಿ ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಚಿಕ್ಕ ಹಾಯಿದೋಣಿ ಎಂದರೆ ಫೈಬರ್‌ಗ್ಲಾಸ್ ಎಂಬಂತಾಯಿತು. ಕನ್ನಡ ಕರಾವಳಿಯ ಮೀನುಗಾರರು ‘ಫೈಬರ್ ದೋಣಿ’ ಎಂದು ಕರೆಯುವುದು ಇದೇ ವಸ್ತುವಿನ, ಇದೇ ವಿಧಾನದ ದೋಣಿಯನ್ನು. ಪಾತಿ ದೋಣಿಯ ಜಾಗಕ್ಕೆ ಅದು ಬಂದು ಕೂತದ್ದಕ್ಕೂ ಕಾರಣಗಳು ಹೆಚ್ಚು ಬೇರೆಯಲ್ಲ: ಹುಳು ಕೊರೆಯುವುದಿಲ್ಲ, ಕೊಳೆಯುವುದಿಲ್ಲ, ಒಂದೇ ಅಚ್ಚಿನಿಂದ ನೂರು ಬರುತ್ತವೆ.

ಕೆಲಸದ ಕ್ರಮ ಕಣ್ಣಿಗೆ ಸರಳ. ದೋಣಿಯ ಹೊರಮೈಯನ್ನು ಒಳಗೆ ತೋರುವ ದೊಡ್ಡ ಅಚ್ಚು ಇರುತ್ತದೆ. ಇಡ್ಲಿ ತಟ್ಟೆಗೆ ಎಣ್ಣೆ ಸವರುವಂತೆ ಅದರ ಒಳಮೈಗೆ ಮೇಣ ತಿಕ್ಕುತ್ತಾರೆ, ಇಲ್ಲವಾದರೆ ದೋಣಿ ಅಚ್ಚಿಗೇ ಕಚ್ಚಿಕೊಂಡುಬಿಡುತ್ತದೆ. ಮೊದಲ ಪದರ ಬಣ್ಣ ಬೆರೆಸಿದ ಜೆಲ್‌ಕೋಟ್. ನಾಳೆ ಹೊರಗೆ ಹೊಳೆಯುವ ಚರ್ಮ ಅದೇ. ಅದರ ಮೇಲೆ ಚಾಪೆಯಂತೆ ಹರಡಿದ ಗಾಜಿನ ನಾರು, ನಾರಿನ ಮೇಲೆ ರಾಳ, ಮತ್ತೆ ನಾರು, ಮತ್ತೆ ರಾಳ. ಹಳ್ಳಿ ಮನೆಗಳಲ್ಲಿ ಹಳೆಯ ಮೊರಕ್ಕೆ ಕಾಗದ ಮತ್ತು ಮೆಂತ್ಯದ ಹಿಟ್ಟನ್ನು ಪದರ ಪದರವಾಗಿ ಬಳಿದು ಗಟ್ಟಿ ಮಾಡುವುದನ್ನು ನೋಡಿದವರಿಗೆ ಇದರ ಗುಟ್ಟು ಹೊಳೆಯುತ್ತದೆ: ಬಿಡಿಯಾಗಿ ಎರಡೂ ಬಲಹೀನ, ಕೂಡಿ ಒಣಗಿದರೆ ಕಲ್ಲು. ರಾಳಕ್ಕೆ ಬೆರೆಸಿದ ಗಟ್ಟಿಕಾರಕ ಕೆಲಸ ಶುರುಮಾಡಿದರೆ ಸಮಯ ಬಹಳ ಇರುವುದಿಲ್ಲ. ಉರುಳೆ ಹಿಡಿದವರು ಅಷ್ಟರಲ್ಲಿ ಪ್ರತಿ ಗಾಳಿಗುಳ್ಳೆಯನ್ನೂ ಒತ್ತಿ ಹೊರಗಟ್ಟಬೇಕು. ಉಳಿದ ಗುಳ್ಳೆ ಮುಂದೆ ಎಂದೋ ಒಂದು ದಿನ ನೀರಿಗೆ ದಾರಿಯಾಗುತ್ತದೆ.

1969ರ ಹೊತ್ತಿಗೆ ರಾಳ ಅಗ್ಗವಾಗಿತ್ತು, ಈ ಹೊಸ ವಸ್ತು ಎಷ್ಟು ತೆಳುವಾದರೂ ನಡೆದೀತು ಎಂಬ ಲೆಕ್ಕ ಇನ್ನೂ ಪೂರ್ತಿ ಕೈಗೆ ಸಿಕ್ಕಿರಲಿಲ್ಲ. ಹಾಗಾಗಿ ಆ ಕಾಲದವರು ಅನುಮಾನ ಬಂದಲ್ಲಿ ಇನ್ನೊಂದು ಪದರ ಹಾಕಿದರು. ರಾಳ ಪೆಟ್ರೋಲಿಯಂನಿಂದ ಬರುವ ವಸ್ತು. 1973ರ ತೈಲ ಬಿಕ್ಕಟ್ಟು ಅದರ ಬೆಲೆಯನ್ನು ಏರಿಸಿದ ಮೇಲೆ ಉದ್ಯಮದಲ್ಲಿ ಆ ಧಾರಾಳತನ ಕಡಿಮೆಯಾಯಿತು. ಸೆಂಟಾರ್‌ಗಳು ಇಷ್ಟು ಕಾಲ ಬಾಳಿದ್ದಕ್ಕೆ ಅವುಗಳ ದಪ್ಪ ಮೈಯೂ ಒಂದು ಕಾರಣ.

ವಿನ್ಯಾಸ

ಒಟ್ಟು ಉದ್ದ 7.92 ಮೀಟರ್, ನೀರಿನ ಮಟ್ಟದಲ್ಲಿ ಸುಮಾರು 6.5 ಮೀಟರ್. ಅಗಲ 2.57 ಮೀಟರ್. ತೇಲಲು ಬೇಕಾದ ನೀರು ಬರೀ ಮೂರು ಅಡಿ, ಅಂದರೆ 91 ಸೆಂಟಿಮೀಟರ್. ದೊಡ್ಡವರ ಸೊಂಟದ ಮಟ್ಟ. ತೂಕ ಮೂರು ಟನ್ನಿನಷ್ಟು. ಅದರಲ್ಲಿ 1,270 ಕಿಲೋ ಎರಡು ಕಬ್ಬಿಣದ ಕೀಲ್‌ಗಳದೇ, ಒಂದೊಂದು 635 ಕಿಲೋ. ಅಂದರೆ ದೋಣಿಯ ತೂಕದ ಐದರಲ್ಲಿ ಎರಡು ಪಾಲು ಅದರ ಕಾಲುಗಳಲ್ಲಿದೆ.

ಜೋಡಿ ಕೀಲ್ ದೋಣಿಗಳಿಗೆ ಅಲ್ಲಿಯವರೆಗೆ ಒಳ್ಳೆಯ ಹೆಸರಿರಲಿಲ್ಲ. ಹಳೆಯವುಗಳಲ್ಲಿ ಕೀಲ್ ಎಂದರೆ ತಳಕ್ಕೆ ಅಂಟಿಸಿದ ಚಪ್ಪಟೆ ತಗಡು. ಗಾಳಿಯ ಎದುರು ದಿಕ್ಕಿಗೆ ಹೋಗಬೇಕಾದಾಗ ಹಾಯಿದೋಣಿ ಅಂಕುಡೊಂಕಾಗಿ, ಗಾಳಿಗೆ ಒಮ್ಮೆ ಈ ಭುಜ ಒಮ್ಮೆ ಆ ಭುಜ ಕೊಡುತ್ತ ಏರಬೇಕು. ತಗಡಿನ ಕೀಲ್ ಇರುವ ದೋಣಿ ಮುಂದೆ ಹೋದಷ್ಟೇ ಪಕ್ಕಕ್ಕೂ ಜಾರುತ್ತಿತ್ತು. ಎರಡು ಕೀಲ್ ಎಂದರೆ ನೀರಿಗೆ ಉಜ್ಜುವ ಮೈ ಹೆಚ್ಚು, ಉಜ್ಜಾಟ ಹೆಚ್ಚಿದರೆ ವೇಗ ಕಡಿಮೆ. ಸೆಂಟಾರ್‌ನ ರೂಪವನ್ನು ಸೌತಾಂಪ್ಟನ್ ವಿಶ್ವವಿದ್ಯಾಲಯದ ಪರೀಕ್ಷಾ ತೊಟ್ಟಿಯಲ್ಲಿ ಮಾದರಿಗಳನ್ನು ಎಳೆದು ನೋಡಿ ತೀರ್ಮಾನಿಸಲಾಯಿತು. ಸಂಸಾರಕ್ಕೆಂದು ಮಾಡಿದ ಅಗ್ಗದ ದೋಣಿಗೆ ಅಷ್ಟು ಶ್ರದ್ಧೆ ತೋರುವುದು ಅಂದು ಅಪರೂಪ.

ಪರೀಕ್ಷೆಯಿಂದ ಹೊರಬಂದ ಕೀಲ್‌ಗಳಿಗೆ ತಗಡಿನ ಚಪ್ಪಟೆತನ ಇರಲಿಲ್ಲ, ವಿಮಾನದ ರೆಕ್ಕೆಯಂತೆ ಮೈತುಂಬಿದ ಆಕಾರವಿತ್ತು. ಅವು ನೇರ ಕೆಳಕ್ಕೆ ಇಳಿಯದೆ, ಕಾಲಗಲಿಸಿ ನಿಂತವರಂತೆ ಹೊರಕ್ಕೆ ಚಾಚಿಕೊಂಡಿವೆ. ಚಾಚಿದ ಕಾಲು ಕೆಸರಿನಲ್ಲಿ ಹೆಚ್ಚು ಭದ್ರ ಎಂಬುದು ನೋಡಿದೊಡನೆ ತಿಳಿಯುವ ಲಾಭ. ಇನ್ನೊಂದು ಲಾಭ ದೋಣಿ ಓಡುವಾಗ ಒದಗುತ್ತದೆ. ಗಾಳಿ ತಳ್ಳಿ ದೋಣಿ ವಾಲಿದಾಗ, ವಾಲಿದ ಕಡೆಯ ಕೀಲ್ ನೀರಿನಲ್ಲಿ ಹೆಚ್ಚು ಹೆಚ್ಚು ನೇರವಾಗುತ್ತದೆ, ಇನ್ನಷ್ಟು ಆಳಕ್ಕೂ ಇಳಿಯುತ್ತದೆ. ಒಂದೇ ಕೀಲ್ ಇರುವ ದೋಣಿಯಲ್ಲಿ ಇದು ತಿರುಗುಮುರುಗು: ವಾಲಿದಷ್ಟೂ ಕೀಲ್ ಓರೆಯಾಗಿ ಹಿಡಿತ ಸಡಿಲವಾಗುತ್ತದೆ. ಹಿಡಿತ ಬೇಕಾದ ಹೊತ್ತಿಗೇ ಸೆಂಟಾರ್‌ನ ಒಂದು ಕಾಲು ಕೆಲಸಕ್ಕೆ ನಿಲ್ಲುತ್ತದೆ, ಮತ್ತೊಂದು ತನ್ನ ತೂಕದಿಂದ ದೋಣಿಯನ್ನು ಹಿಂದಕ್ಕೆಳೆಯುತ್ತದೆ.

ಇಷ್ಟಾದರೂ ಗಾಳಿಗೆದುರು ಏರುವಾಗ ಸೆಂಟಾರ್ ಅದೇ ಉದ್ದದ ಆಳ ಕೀಲ್‌ನ ದೋಣಿಗೆ ಸಮವಲ್ಲ. ಕಂಪನಿಗೂ ಇದು ಗೊತ್ತಿತ್ತು. ಅದೇ ಮೈಗೆ ಒಂಟಿ ಕೀಲ್ ಜೋಡಿಸಿ ಪೆಂಬ್ರೋಕ್ ಎಂಬ ಹೆಸರಿನಲ್ಲಿ ಮಾರಿತು, ಹಿಂಬದಿಗೆ ಪ್ರತ್ಯೇಕ ಕೋಣೆ ಕೊಟ್ಟು ಚೀಫ್‌ಟನ್ ಎಂದು ಇನ್ನೊಂದನ್ನು ತಂದಿತು. ಸೆಂಟಾರ್ ಮಾರಾಟವಾದಷ್ಟು ಇವೆರಡೂ ಆಗಲಿಲ್ಲ. ಕೊಳ್ಳುವವರು ವೇಗದ ಬದಲು ಕಾಲನ್ನು ಆರಿಸಿಕೊಂಡರು.

ವೇಗದ ಗರಿಷ್ಠ ಮಿತಿಯನ್ನು ನೀರೇ ನಿಗದಿ ಮಾಡಿದೆ. ಭಾರವಾದ ದೋಣಿ ತಾನೇ ಎಬ್ಬಿಸಿದ ಅಲೆಯ ನಡುವಿನ ತಗ್ಗಿನಲ್ಲಿ ಸಿಕ್ಕಿಕೊಂಡು ಓಡುತ್ತದೆ. ಅಲೆಯ ಉದ್ದ ದೋಣಿಯ ನೀರ್ಮಟ್ಟದ ಉದ್ದಕ್ಕೆ ಸಮವಾದ ಮೇಲೆ ಎಷ್ಟು ಹಾಯಿ ಏರಿಸಿದರೂ ಆ ಅಲೆಯನ್ನು ಹತ್ತಿ ದಾಟಲಾರದು. ಸೆಂಟಾರ್‌ಗೆ ಆ ಲೆಕ್ಕ 6.2 ನಾಟ್, ಅಂದರೆ ಗಂಟೆಗೆ ಹನ್ನೊಂದೂವರೆ ಕಿಲೋಮೀಟರ್. ಸಾವಧಾನದ ಸೈಕಲ್ ಸವಾರಿ. ಹಾಯಿ ಒಟ್ಟು 294 ಚದರ ಅಡಿ, ಒಂದೇ ಕಂಬಕ್ಕೆ ಹಿಂದೊಂದು ಮುಂದೊಂದು. ಗಂಡ ಹೆಂಡತಿ ಇಬ್ಬರೇ, ಒಬ್ಬರ ಮಡಿಲಲ್ಲಿ ಮಗುವಿದ್ದರೂ ನಿಭಾಯಿಸಬಹುದಾದಷ್ಟು. ಚುಕ್ಕಾಣಿಗೆ ಚಕ್ರವಿಲ್ಲ, ಉದ್ದನೆಯ ಮರದ ಹಿಡಿಕೆ. ನೀರು ಚುಕ್ಕಾಣಿಯ ಮೇಲೆ ಒತ್ತುವುದು ಆ ಹಿಡಿಕೆಯ ಮೂಲಕ ಅಂಗೈಗೆ ನೇರ ತಿಳಿಯುತ್ತದೆ. ಹೊಸಬರು ಕಲಿಯಲು ಇದಕ್ಕಿಂತ ಒಳ್ಳೆಯ ಗುರುವಿಲ್ಲ. ಗಾಳಿ ಸತ್ತ ಸಂಜೆಗಳಿಗೆ ಎಂಜಿನ್ ಇದೆ. ಬಹುತೇಕ ಸೆಂಟಾರ್‌ಗಳಿಗೆ ಬಂದದ್ದು ವೋಲ್ವೊ ಪೆಂಟಾದ ಎರಡು ಸಿಲಿಂಡರಿನ, 25 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಆ ಕಾಲದ 26 ಅಡಿ ದೋಣಿಗೆ ಅದು ಧಾರಾಳ. ಭಾನುವಾರ ರಾತ್ರಿ ಮನೆ ಸೇರಿ ಸೋಮವಾರ ಕೆಲಸಕ್ಕೆ ಹಾಜರಾಗಬೇಕಾದವರಿಗೆ ಅದು ಹಾಯಿಯಷ್ಟೇ ಮುಖ್ಯ.

ಒಳಗಿನ ಮನೆ

ಹೋಲಿಕೆಗೆ ಅದೇ ಕಾಲದ ಕಾಂಟೆಸ್ಸಾ 26 ತೆಗೆದುಕೊಳ್ಳಬಹುದು. ಡೇವಿಡ್ ಸ್ಯಾಡ್ಲರ್ ರೂಪಿಸಿದ, ಸ್ವೀಡನ್ನಿನ ಫೋಕ್‌ಬೋಟ್ ಪರಂಪರೆಯ ಈ ದೋಣಿಯನ್ನು ಕಟ್ಟಿದ್ದು ಲಾರೆಂಟ್ ಜೈಲ್ಸ್ ಸಂಸ್ಥೆಯಿದ್ದ ಲಿಮಿಂಗ್ಟನ್ನಿನಲ್ಲೇ. ಉದ್ದದಲ್ಲಿ ಸೆಂಟಾರ್‌ಗಿಂತ ಅರ್ಧ ಅಡಿ ಕಡಿಮೆ, ಅಗಲದಲ್ಲಿ ಒಂದಡಿಗೆ ತುಸು ಕಡಿಮೆ. ಸಪೂರ, ತಗ್ಗು, ಕಣ್ಣಿಗೆ ಹಬ್ಬ. ತಾನಿಯಾ ಏಬಿ ಎಂಬ ತರುಣಿ 1980ರ ದಶಕದಲ್ಲಿ ಇಂಥದೇ ದೋಣಿಯಲ್ಲಿ ಒಬ್ಬಂಟಿಯಾಗಿ ಜಗತ್ತು ಸುತ್ತಿ ಬಂದಳು. ಆದರೆ ಅದರ ಕೋಣೆಯೊಳಗೆ ದೊಡ್ಡವರು ತಲೆಯೆತ್ತಿ ನಿಲ್ಲುವಂತಿಲ್ಲ.

ಸೆಂಟಾರ್‌ನ ಒಳಗೆ ಸುಮಾರು ಆರಡಿ ಎತ್ತರದವರು ನೆಟ್ಟಗೆ ನಿಲ್ಲಬಹುದು. ಹೊರಗಿನಿಂದ ಅಂದಗೆಡಿಸಿದಂತೆ ಕಂಡ ಎತ್ತರದ ಪಕ್ಕಗಳೂ ಮೆಟ್ಟಿಲಿನ ಮಾಡೂ ಇಲ್ಲಿಗೆ ಬಂದು ನಿಂತಾಗ ಅರ್ಥವಾಗುತ್ತವೆ. ಬಾಗಿ ಬಾಗಿ ಅಡುಗೆ ಮಾಡುವುದು, ಕುಕ್ಕರುಗಾಲಿನಲ್ಲಿ ಪ್ಯಾಂಟು ಹಾಕಿಕೊಳ್ಳುವುದು ಒಂದು ದಿನಕ್ಕೆ ಸಾಹಸ, ಮೂರನೆಯ ದಿನಕ್ಕೆ ಬೆನ್ನುನೋವು. ಸಣ್ಣ ದೋಣಿಗಳ ರಜೆಗಳು ಬೇಗ ಮುಗಿಯುತ್ತಿದ್ದದ್ದು ಬಿರುಗಾಳಿಗಿಂತ ಹೆಚ್ಚಾಗಿ ಇಂಥ ಕಿರಿಕಿರಿಗೆ.

ಒಳಗಿನ ಹಂಚಿಕೆಯಲ್ಲಿ ಒಂದಕ್ಕಿಂತ ಹೆಚ್ಚು ಬಗೆಗಳು ಸಿಗುತ್ತಿದ್ದವು. ಮೂತಿಯ ಕಡೆಗೆ ಕತ್ತರಿಯಾಕಾರದಲ್ಲಿ ಇಬ್ಬರ ಹಾಸಿಗೆ, ಅದಕ್ಕೆ ತಾಗಿ ಬಾಗಿಲಿರುವ ಪುಟ್ಟ ಶೌಚಾಲಯ, ನಡುವೆ ಊಟದ ಮೇಜು, ಪಕ್ಕದಲ್ಲಿ ಒಲೆ ಮತ್ತು ತೊಟ್ಟಿ. ರಾತ್ರಿ ಮೇಜನ್ನು ತಗ್ಗಿಸಿ ಬೆಂಚುಗಳ ನಡುವೆ ಕೂರಿಸಿದರೆ ಅದೂ ಹಾಸಿಗೆ. ಹಿಂದಿನ ಕುಳಿತುಕೊಳ್ಳುವ ಜಾಗದ ಅಡಿಗೆ ಕಾಲು ತೂರಿಸಿ ಮಲಗುವ ಗೂಡು ಮಕ್ಕಳಿಗೆ ಪ್ರಿಯ. ಆರು ಮಂದಿ ಮಲಗಬಹುದೆಂದು ಹೇಳುವುದುಂಟು. ನಾಲ್ವರಾದರೆ ನೆಮ್ಮದಿ, ಆರು ಮಂದಿಯಾದರೆ ಜಾತ್ರೆ.

ಶೌಚಾಲಯಕ್ಕೆ ಬಾಗಿಲು ಎಂಬುದು ಸಣ್ಣ ಮಾತಲ್ಲ. ಹಿಂದಿನ ಎಷ್ಟೋ ಸಣ್ಣ ದೋಣಿಗಳಲ್ಲಿ ಬಕೆಟ್ಟೇ ಗತಿಯಾಗಿತ್ತು. ಮನೆಯ ಹೆಂಗಸರೂ ಹರೆಯದ ಮಕ್ಕಳೂ ಒಪ್ಪಿದರೆ ಮಾತ್ರ ದೋಣಿ ಸಂಸಾರದ್ದಾಗುತ್ತದೆ. ಸೆಂಟಾರ್ ರೂಪಿಸಿದವರು ಈ ಮಾತನ್ನು ಹಾಯಿಯ ಲೆಕ್ಕದಷ್ಟೇ ಗೌರವದಿಂದ ನೋಡಿದ್ದಾರೆ.

ಓಡದೆ ಇರುವಾಗ ಸಂಸಾರದ ದೋಣಿ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗೆ ಅಟ್ಲಾಂಟಿಕ್ ಸಾಗರದ ಆಚೆ ಬೇರೆ ಉತ್ತರ ಹುಟ್ಟಿತು. ಕ್ಯಾಲಿಫೋರ್ನಿಯಾದ ಫ್ರಾಂಕ್ ಬಟ್ಲರ್ ರೂಪಿಸಿದ ಕ್ಯಾಟಲೀನಾ 22 ದೋಣಿಯಲ್ಲಿ ಕೀಲನ್ನು ಮಿಣಿಯಿಂದ ಮೇಲಕ್ಕೆ ಮಡಚಬಹುದು, ಕಾರಿನ ಹಿಂದೆ ಗಾಡಿಗೆ ಏರಿಸಿ ಮನೆಯಂಗಳಕ್ಕೆ ಒಯ್ಯಬಹುದು. 15,000ಕ್ಕೂ ಹೆಚ್ಚು ಮಾರಾಟವಾದವು. ಅಗಲ ರಸ್ತೆ, ದೊಡ್ಡ ಕಾರು, ದೂರದೂರದ ಸರೋವರಗಳ ನಾಡಿಗೆ ಅದು ಸರಿ. ಮೂರು ಟನ್ನಿನ ಸೆಂಟಾರ್ ರಸ್ತೆಯ ದೋಣಿಯಲ್ಲ; ಅದಕ್ಕೆ ಮನೆಯ ಅಂಗಳವೆಂದರೆ ಕೆಸರೇ.

ಕುಂದು ಕೊರತೆ

ಕಾಲಿನ ಬಲದಿಂದ ಹೆಸರಾದ ದೋಣಿಗೆ ಕಾಲಿನ ಸಂದಿನಲ್ಲೇ ನೋವು. ನೆಟ್ಟಗೆ ನಿಂತಾಗ ಮೂರು ಟನ್ ಭಾರವೂ ಎರಡು ಕೀಲ್‌ಗಳ ಬುಡಕ್ಕೆ ಬೀಳುತ್ತದೆ. ಅಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಕಾಲು ಅರ್ಧ ಕೆಸರಿನಲ್ಲಿ ಹೂತಿರುವಾಗ ನೀರಿನ ಸೆಳೆತ ದೋಣಿಯನ್ನು ತಿರುಗಿಸಲು ಹವಣಿಸಿದರೆ, ಕೀಲ್ ಸನ್ನೆಗೋಲಿನಂತೆ ತಳವನ್ನು ಮೀಟುತ್ತದೆ. ದಿನಕ್ಕೆರಡು ಬಾರಿ, ವರ್ಷಗಟ್ಟಲೆ ಇದು ನಡೆದಾಗ ಕೀಲ್ ಸೇರುವಲ್ಲಿನ ಫೈಬರ್‌ಗ್ಲಾಸ್ ಸ್ವಲ್ಪ ಸ್ವಲ್ಪ ಬಳುಕಿ, ಜೆಲ್‌ಕೋಟಿನಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ, ಬೋಲ್ಟುಗಳ ಸುತ್ತ ನೀರು ಜಿನುಗುತ್ತದೆ. ಅನೇಕ ಸೆಂಟಾರ್‌ಗಳಲ್ಲಿ ಮಾಲೀಕರು ಒಳಗಡೆ ಕೀಲ್‌ಗಳ ಮೇಲ್ಭಾಗಕ್ಕೆ ಅಡ್ಡಪಟ್ಟಿಗಳನ್ನು ಕೂರಿಸಿ, ಹೊಸ ನಾರಿನ ಪದರಗಳನ್ನು ಹಾಕಿ ತಳವನ್ನು ಗಟ್ಟಿ ಮಾಡಿಸಿಕೊಂಡಿದ್ದಾರೆ. ಹಾಗೆ ಮಾಡಿಸಿದ ದೋಣಿ ಹಳೆಯ ದೋಣಿಗಳ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆಗೆ ಹೋಗುವುದು ನ್ಯಾಯವೇ.

ಓಡುವಾಗ ಹೊಸಬರನ್ನು ಬೆಚ್ಚಿಬೀಳಿಸುವುದು ಒಂದು ಸದ್ದು. ಅಲೆ ಜೋರಾಗಿರುವಾಗ ವಾಲಿದ ದೋಣಿಯ ಮೇಲಣ ಕೀಲ್ ನೀರಿನ ಅಂಚಿಗೆ ಬಂದು ಮತ್ತೆ ಬಡಿಯುತ್ತದೆ. ಧಡ್ ಎಂಬ ಆ ಹೊಡೆತಕ್ಕೆ ಒಳಗಿನ ಬಟ್ಟಲುಗಳು ಝಣಝಣಿಸುತ್ತವೆ. ದೋಣಿ ಬಂಡೆಗೆ ತಾಗಿತೆಂದು ಎದ್ದು ಓಡಿಬಂದವರು ಎಷ್ಟೋ. ತಾಗಿದ್ದು ಬರೀ ನೀರಿಗೆ.

ಆಸ್ಮೋಸಿಸ್ ಎಂಬುದು ಆ ಪೀಳಿಗೆಯ ಎಲ್ಲ ಫೈಬರ್‌ಗ್ಲಾಸ್ ದೋಣಿಗಳಿಗೂ ತಗಲಬಹುದಾದ ಚರ್ಮರೋಗ. ಜೆಲ್‌ಕೋಟ್ ನೋಡಲು ಗಾಜಿನಂತಿದ್ದರೂ ನೀರು ಅದರೊಳಗೆ ಅತಿ ನಿಧಾನವಾಗಿ ನುಸುಳುತ್ತದೆ, ಸರಿಯಾಗಿ ಗಟ್ಟಿಯಾಗದೆ ಉಳಿದ ರಾಳದೊಂದಿಗೆ ಬೆರೆತು ಆಮ್ಲವಾಗುತ್ತದೆ, ಒಳಗೊಳಗೇ ಒತ್ತಡ ಬೆಳೆದು ಹೊರಗೆ ಗುಳ್ಳೆ ಏಳುತ್ತದೆ. ಗುಳ್ಳೆಯನ್ನು ಚುಚ್ಚಿದರೆ ಅಂಟಂಟಾದ ದ್ರವ, ವಿನಿಗರಿನಂಥ ಹುಳಿವಾಸನೆ. ಚಿಕಿತ್ಸೆಗೆ ತಾಳ್ಮೆ ಬೇಕು: ಹೊರಚರ್ಮ ಸುಲಿದು, ತಿಂಗಳುಗಟ್ಟಲೆ ಒಣಗಿಸಿ, ಎಪಾಕ್ಸಿ ಎಂಬ ರಾಳ ಬಳಿಯಬೇಕು. ಇದರಿಂದ ದೋಣಿ ಮುಳುಗಿದ್ದು ತೀರಾ ಅಪರೂಪ. ನೀರು ಬತ್ತುವ ತಂಗುದಾಣದಲ್ಲಿ ದಿನದ ಸ್ವಲ್ಪ ಹೊತ್ತಾದರೂ ಸೆಂಟಾರ್‌ನ ತಳಕ್ಕೆ ಗಾಳಿ ತಾಗುತ್ತದೆ. ಸದಾ ತೇಲುವ ದೋಣಿಗೆ ಈ ಭಾಗ್ಯವಿಲ್ಲ.

ಮತ್ತೊಂದು ದೂರು ಕೋಣೆಯ ಮಾಡಿನದು. ವೆಸ್ಟರ್ಲಿಯವರು ಒಳಮಾಡಿಗೆ ಹಿಂಬದಿಯಲ್ಲಿ ಫೋಮ್ ಇರುವ ವಿನೈಲ್ ಹೊದಿಕೆ ಅಂಟಿಸುತ್ತಿದ್ದರು. ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಆ ಫೋಮ್ ಪುಡಿಯಾಗಿ ಉದುರಿ, ಹೊದಿಕೆ ಹಳೆಯ ಸೊಳ್ಳೆಪರದೆಯಂತೆ ಜೋತುಬೀಳುತ್ತದೆ. ವೆಸ್ಟರ್ಲಿ ದೋಣಿಗಳ ಮಾಲೀಕರು ಎಲ್ಲೇ ಸೇರಲಿ, ಮೊದಲ ಮಾತು ಇದರದೇ.

ವೆಸ್ಟರ್ಲಿ ಕಂಪನಿ ಒಂದು ಕಾಲಕ್ಕೆ ಬ್ರಿಟನ್ನಿನ ಅತಿ ದೊಡ್ಡ ಹಾಯಿದೋಣಿ ತಯಾರಕರಲ್ಲಿ ಒಂದಾಗಿತ್ತು. ಸೆಂಟಾರ್ ನಿಂತ ಬಳಿಕ ಹಲವು ಬಾರಿ ಸಾಲಕ್ಕೆ ಸಿಕ್ಕಿ, ಕೈ ಬದಲಾಯಿಸಿ, ಶತಮಾನ ಮುಗಿಯುವ ಹೊತ್ತಿಗೆ ಬಾಗಿಲು ಹಾಕಿತು. ಅದಕ್ಕೆ ಒಂದು ಕಾರಣ ಅದರದೇ ಸರಕು. ಮರದ ದೋಣಿ ಕೊಳೆತು ಜಾಗ ಬಿಡುತ್ತಿತ್ತು, ಹೊಸತಕ್ಕೆ ಗಿರಾಕಿ ಹುಟ್ಟುತ್ತಿದ್ದ. ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ. ಐವತ್ತು ವರ್ಷದ ಸೆಂಟಾರ್ ಹೊಸ ಕಾರಿನ ಬೆಲೆಯ ಸಣ್ಣ ಪಾಲಿಗೆ ಸಿಗುವಾಗ ಹೊಸ ದೋಣಿಗೆ ಸಾಲ ಮಾಡುವವರು ಕಡಿಮೆ.

ಅಂಥದೊಂದನ್ನು ಕೊಳ್ಳಲು ಹೊರಟವರಿಗೆ ಅನುಭವಿ ಪರಿಶೀಲಕರು ಹೇಳುವುದು ಒಂದೇ ಕ್ರಮ. ಹೊಳಪು, ಹಾಯಿ, ಹಾಸಿಗೆಗಳನ್ನು ಆಮೇಲೆ ನೋಡಬಹುದು. ಮೊದಲು ಇಳಿತದ ಹೊತ್ತಿಗೆ ಹೋಗಿ, ಬೂಟು ಹಾಕಿ ಕೆಸರಿಗಿಳಿದು, ಕೀಲ್ ಮತ್ತು ತಳ ಕೂಡುವ ಗೆರೆಯ ಉದ್ದಕ್ಕೂ ಬೆರಳಾಡಿಸಬೇಕು. ಆಮೇಲೆ ಒಳಗೆ ಹತ್ತಿ, ನೆಲದ ಹಲಗೆ ಎತ್ತಿ, ಟಾರ್ಚು ಹಿಡಿದು, ಬೋಲ್ಟುಗಳ ನಟ್ಟುಗಳ ಸುತ್ತ ತುಕ್ಕಿನ ಕೆಂಪು ನೀರು ಇಳಿದ ಗುರುತಿದೆಯೇ ಎಂದು ಒಂದೊಂದನ್ನೂ ನೋಡಬೇಕು.